‘ಹೈದರ್ ಆಲಿ’ ಮತ್ತು ‘ಜನರಲ್ ಮಾಂಕ್’ ನೌಕೆಗಳ ಕಾಳಗದ ಚಿತ್ರ

‘ಹೈದರ್ ಆಲಿ’ ಮತ್ತು ‘ಜನರಲ್ ಮಾಂಕ್’ ನೌಕೆಗಳ ಕಾಳಗದ ಚಿತ್ರವು 1782ರ ಏಪ್ರಿಲ್ 8ರಂದು ಉತ್ತರ ಅಮೆರಿಕದ ಡೆಲವೇರ್ ಕೊಲ್ಲಿಯಲ್ಲಿ ಎರಡು ಹಾಯಿ ಯುದ್ಧನೌಕೆಗಳ ನಡುವೆ ನಡೆದ ಕಾಳಗವನ್ನು ತೋರಿಸುವ ಐತಿಹಾಸಿಕ ಚಿತ್ರವಾಗಿದೆ. ಫ್ರಾನ್ಸಿನ ಕಡಲಚಿತ್ರಕಾರ ಲೂಯಿ-ಫಿಲಿಪ್ ಕ್ರೆಪ್ಯಾಂ (1772–1851) ಇದನ್ನು 1802ರಲ್ಲಿ ತೈಲವರ್ಣದಲ್ಲಿ ರಚಿಸಿದನು. ಮೂಲಚಿತ್ರವು ಅಮೆರಿಕದ ಅನಾಪೊಲಿಸ್ ನಗರದಲ್ಲಿರುವ ನೌಕಾ ಅಕಾಡೆಮಿಯ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಇದೇ ಕಾಳಗವನ್ನು ವಿಷಯವಾಗಿ ಉಳ್ಳ ಅಚ್ಚಿನ ಚಿತ್ರಗಳು 19ನೇ ಶತಮಾನದ ಅಮೆರಿಕದ ಜನಪ್ರಿಯ ಇತಿಹಾಸ ಪುಸ್ತಕಗಳಲ್ಲಿಯೂ ಬಂದವು.

ಕಾಳಗದಲ್ಲಿ ಗೆದ್ದ ಅಮೆರಿಕನ್ ನೌಕೆಗೆ ಮೈಸೂರಿನ ದೊರೆ ಹೈದರಾಲಿಯ ಹೆಸರನ್ನು ಇಡಲಾಗಿತ್ತು. ಕನ್ನಡನಾಡಿನ ಇತಿಹಾಸದೊಂದಿಗೆ ಈ ಚಿತ್ರಕ್ಕೆ ಇರುವ ಸಂಬಂಧ ಇದೇ ಆಗಿದೆ. ಈ ಲೇಖನದಲ್ಲಿ ಮೈಸೂರಿನ ದೊರೆಯನ್ನು ‘ಹೈದರಾಲಿ’ ಎಂದೂ ನೌಕೆಯನ್ನು ‘ಹೈದರ್ ಆಲಿ’ ಎಂದೂ ಬರೆಯಲಾಗಿದೆ.

ಹೆಸರಿನ ಹಿನ್ನೆಲೆ

ನೌಕೆಯ ಹೆಸರನ್ನು ಕಂಡು ಇದು ಹೈದರಾಲಿಯ ನೌಕಾಪಡೆಗೆ ಸೇರಿದ ಹಡಗೆಂದು ಭಾವಿಸುವುದುಂಟು. ಅದು ಸರಿಯಲ್ಲ. ‘ಹೈದರ್ ಆಲಿ’ ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ನೌಕೆ. ಅದರಲ್ಲಿ ಮೈಸೂರಿನ ನಾವಿಕರಾಗಲಿ ಸೈನಿಕರಾಗಲಿ ಇರಲಿಲ್ಲ. ಮೈಸೂರಿನಿಂದ ಅಲ್ಲಿಗೆ ಹೋದದ್ದು ಹೆಸರು ಮಾತ್ರ.

ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯು ಮೈಸೂರು ಒಡೆಯರ ಸೈನ್ಯದಲ್ಲಿ ಮೇಲೇರಿ, 1761ರ ವೇಳೆಗೆ ರಾಜ್ಯದ ಆಡಳಿತವನ್ನು ಕೈಗೆ ತೆಗೆದುಕೊಂಡನು. 1763ರಲ್ಲಿ ಬಿದನೂರನ್ನು ಗೆದ್ದಾಗ ಮಂಗಳೂರು ಮೊದಲಾದ ಕರಾವಳಿಯ ಬಂದರುಗಳು ಅವನ ವಶವಾದವು. 1769ರಲ್ಲಿ ಮದರಾಸಿನ ಹೊರವಲಯದವರೆಗೆ ದಂಡೆತ್ತಿ ಹೋಗಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯನ್ನು ಒಪ್ಪಂದಕ್ಕೆ ಒಳಪಡಿಸಿದನು. 1778ರ ಹೊತ್ತಿಗೆ ಅವನ ಅಧಿಕಾರವು ಉತ್ತರದಲ್ಲಿ ಧಾರವಾಡ, ಕಿತ್ತೂರು ಸೀಮೆಗಳನ್ನೂ ಒಳಗೊಂಡು ಕೃಷ್ಣಾ ನದಿಯ ದಿಕ್ಕಿಗೆ ಹಬ್ಬಿತ್ತು. 1780ರ ಸೆಪ್ಟೆಂಬರ್ 10ರಂದು ಕಂಚಿಯ ಸಮೀಪದ ಪೊಳ್ಳಿಲೂರಿನಲ್ಲಿ ಮೈಸೂರು ಸೈನ್ಯವು ಕರ್ನಲ್ ಬೇಯ್ಲಿಯ ದಳವನ್ನು ನಾಶಮಾಡಿ ಅವನನ್ನು ಸೆರೆಹಿಡಿಯಿತು. ಇದು ಅಲ್ಲಿಯವರೆಗೆ ಭಾರತದಲ್ಲಿ ಕಂಪನಿಯ ಸೈನ್ಯಕ್ಕೆ ಒದಗಿದ ಅತಿ ದೊಡ್ಡ ಸೋಲುಗಳಲ್ಲಿ ಒಂದು.

ಅದೇ ಕಾಲದಲ್ಲಿ ಅಮೆರಿಕದ 13 ವಸಾಹತುಗಳು ಬ್ರಿಟನ್ನಿನ ವಿರುದ್ಧ ಸ್ವಾತಂತ್ರ್ಯ ಸಮರ ನಡೆಸುತ್ತಿದ್ದವು. 1778ರಲ್ಲಿ ಫ್ರಾನ್ಸ್ ಅಮೆರಿಕದೊಂದಿಗೆ ಮೈತ್ರಿ ಮಾಡಿಕೊಂಡು ಬ್ರಿಟನ್ನಿನ ಮೇಲೆ ಯುದ್ಧ ಹೂಡಿತು. ಅದೇ ಫ್ರಾನ್ಸ್ ಭಾರತದಲ್ಲಿ ಹೈದರಾಲಿಗೂ ಮಿತ್ರಪಕ್ಷವಾಗಿತ್ತು. ಹೀಗೆ ಫಿಲಡೆಲ್ಫಿಯ ಮತ್ತು ಶ್ರೀರಂಗಪಟ್ಟಣಗಳು ಒಂದನ್ನೊಂದು ಕಾಣದಿದ್ದರೂ ಒಬ್ಬ ಶತ್ರುವಿನ ಎದುರು, ಒಬ್ಬ ಮಿತ್ರನ ಜೊತೆ ನಿಂತಂತಾಯಿತು. ಭಾರತದ ಸುದ್ದಿ ಹಾಯಿಹಡಗುಗಳ ಮೂಲಕ ತಿಂಗಳುಗಟ್ಟಲೆ ತಡವಾಗಿ ಯೂರೋಪಿಗೂ ಅಲ್ಲಿಂದ ಅಮೆರಿಕದ ಪತ್ರಿಕೆಗಳಿಗೂ ತಲುಪುತ್ತಿತ್ತು. ಬ್ರಿಟಿಷರನ್ನು ಸೋಲಿಸಿದ ಪೂರ್ವದೇಶದ ದೊರೆಯ ಹೆಸರು ಫಿಲಡೆಲ್ಫಿಯದ ವರ್ತಕರಿಗೆ ಪರಿಚಿತವಾದದ್ದು ಹೀಗೆ. ಅಮೆರಿಕದ ಕವಿ ಫಿಲಿಪ್ ಫ್ರೆನೋ ಈ ನೌಕೆಯ ಕುರಿತು 1782ರಲ್ಲಿ ಪದ್ಯಗಳನ್ನು ಬರೆದನು. ಬ್ರಿಟಿಷರಿಗೆ ಮುಖಭಂಗ ಮಾಡಿದ ಪೂರ್ವದ ಅರಸನೊಬ್ಬನ ಹೆಸರೇ ಹಡಗಿನ ಹೆಸರೆಂಬ ವಿವರಣೆ ಅವುಗಳಲ್ಲಿ ಇದೆ.

ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಹೈದರಾಲಿಯ ಸ್ವಂತ ನೌಕಾಬಲ ಆ ವೇಳೆಗೆ ಬಹುಮಟ್ಟಿಗೆ ಅಳಿದುಹೋಗಿತ್ತು. 1780ರ ಡಿಸೆಂಬರ್ 8ರಂದು ಬ್ರಿಟಿಷ್ ನೌಕಾಧಿಪತಿ ಎಡ್ವರ್ಡ್ ಹ್ಯೂಸ್ ಮಂಗಳೂರಿನ ಬಳಿ ಲಂಗರು ಹಾಕಿದ್ದ ಮೈಸೂರಿನ ಹಡಗುಗಳ ಮೇಲೆ ದಾಳಿ ಮಾಡಿ ಅವುಗಳನ್ನು ನಾಶಪಡಿಸಿದ್ದನು. ಅದಾಗಿ ಸರಿಯಾಗಿ 16 ತಿಂಗಳಿಗೆ, ಭೂಗೋಳದ ಇನ್ನೊಂದು ಬದಿಯಲ್ಲಿ, ಅವನ ಹೆಸರನ್ನು ಹೊತ್ತ ಹಡಗೊಂದು ಬ್ರಿಟಿಷ್ ನೌಕೆಯನ್ನು ಗೆದ್ದಿತು.

ಕಾಳಗದ ಸಂದರ್ಭ

1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಶರಣಾದ ಮೇಲೆ ಅಮೆರಿಕದ ನೆಲದಲ್ಲಿ ದೊಡ್ಡ ಯುದ್ಧಗಳು ನಿಂತವು. (ಮುಂದೆ 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ ಟಿಪ್ಪು ಸುಲ್ತಾನನಿಂದ ಅರ್ಧ ರಾಜ್ಯವನ್ನು ಪಡೆದವನು ಇದೇ ಕಾರ್ನ್‌ವಾಲಿಸ್.) ಆದರೆ ಕಡಲಿನ ಮೇಲೆ ಹೋರಾಟ ನಿಲ್ಲಲಿಲ್ಲ. ನ್ಯೂಯಾರ್ಕ್ ನಗರ ಇನ್ನೂ ಬ್ರಿಟಿಷರ ಕೈಯಲ್ಲಿತ್ತು. ಅಲ್ಲಿಂದ ಹೊರಡುತ್ತಿದ್ದ ಬ್ರಿಟಿಷ್ ನೌಕೆಗಳೂ, ಪರವಾನಗಿ ಪಡೆದು ಶತ್ರುಗಳ ಸರಕುಹಡಗುಗಳನ್ನು ಹಿಡಿಯುತ್ತಿದ್ದ ಖಾಸಗಿ ಯುದ್ಧನೌಕೆಗಳೂ ಡೆಲವೇರ್ ಕೊಲ್ಲಿಯ ಬಾಯಲ್ಲಿ ಕಾದಿರುತ್ತಿದ್ದವು. ಫಿಲಡೆಲ್ಫಿಯದಿಂದ ಸಮುದ್ರಕ್ಕೆ ಹೋಗಲು ಡೆಲವೇರ್ ನದಿ ಮತ್ತು ಈ ಕೊಲ್ಲಿಯ ದಾರಿಯೇ ಇದ್ದುದರಿಂದ ನಗರದ ವ್ಯಾಪಾರಕ್ಕೆ ಭಾರಿ ಹೊಡೆತ ಬಿದ್ದಿತು.

ಆಗ ಫಿಲಡೆಲ್ಫಿಯದ ವರ್ತಕರು ಹಣ ಹೊಂದಿಸಿ ವ್ಯಾಪಾರದ ಹಡಗೊಂದಕ್ಕೆ ಫಿರಂಗಿಗಳನ್ನು ಅಳವಡಿಸಿದರು. ಪೆನ್ಸಿಲ್ವೇನಿಯ ರಾಜ್ಯವು ಅದನ್ನು ತನ್ನ ಸೇವೆಗೆ ತೆಗೆದುಕೊಂಡಿತು. ಇದೇ ‘ಹೈದರ್ ಆಲಿ’. ಇದರ ನಾಯಕತ್ವವನ್ನು ಜೋಶುವಾ ಬಾರ್ನಿ ಎಂಬ ನೌಕಾಧಿಕಾರಿಗೆ ಒಪ್ಪಿಸಲಾಯಿತು. 1759ರ ಜುಲೈ 6ರಂದು ಮೇರಿಲ್ಯಾಂಡಿನಲ್ಲಿ ಹುಟ್ಟಿದ ಬಾರ್ನಿಗೆ ಆಗ 22 ವರ್ಷ. ಇಂಗ್ಲೆಂಡಿನ ಪ್ಲಿಮತ್ ಬಳಿಯ ಸೆರೆಮನೆಯಿಂದ ಅವನು ಹಿಂದಿನ ವರ್ಷವಷ್ಟೇ ತಪ್ಪಿಸಿಕೊಂಡು ಬಂದಿದ್ದನು.

ಎದುರಾಳಿಯಾದ ‘ಜನರಲ್ ಮಾಂಕ್’ ಮೂಲತಃ ‘ಜನರಲ್ ವಾಷಿಂಗ್ಟನ್’ ಎಂಬ ಅಮೆರಿಕನ್ ಖಾಸಗಿ ಯುದ್ಧನೌಕೆಯಾಗಿತ್ತು. ಬ್ರಿಟಿಷರು ಅದನ್ನು ಹಿಡಿದು, 17ನೇ ಶತಮಾನದ ತಮ್ಮ ಸೇನಾನಿ ಜಾರ್ಜ್ ಮಾಂಕನ ಹೆಸರಿಟ್ಟು ರಾಜನೌಕಾಪಡೆಗೆ ಸೇರಿಸಿಕೊಂಡಿದ್ದರು. ಅದರ ನಾಯಕ ಜೋಸಯಾಸ್ ರೋಜರ್ಸ್.

ಎರಡು ನೌಕೆಗಳ ಬಲಾಬಲ

ಅಮೆರಿಕದ ಬರಹಗಳ ಪ್ರಕಾರ ‘ಹೈದರ್ ಆಲಿ’ಯಲ್ಲಿ 6 ಪೌಂಡ್ ತೂಕದ ಗುಂಡು ಹಾರಿಸುವ 16 ಫಿರಂಗಿಗಳೂ ಸುಮಾರು 110 ಜನರೂ ಇದ್ದರು. ‘ಜನರಲ್ ಮಾಂಕ್’ನಲ್ಲಿ 9 ಪೌಂಡಿನ 20 ಫಿರಂಗಿಗಳೂ ಸುಮಾರು 136 ಜನರೂ ಇದ್ದರು.

ಹಾಯಿಹಡಗುಗಳ ಕಾಲದಲ್ಲಿ ಫಿರಂಗಿಗಳನ್ನು ಹಡಗಿನ ಎರಡೂ ಪಕ್ಕಗಳಲ್ಲಿ ಸಾಲಾಗಿ ಜೋಡಿಸುತ್ತಿದ್ದರು. ಒಂದು ಪಕ್ಕದ ಎಲ್ಲ ಫಿರಂಗಿಗಳೂ ಒಟ್ಟಿಗೆ ಹಾರಿಸುವ ಗುಂಡುಗಳ ತೂಕವೇ ಹಡಗಿನ ಬಲದ ಅಳತೆ. ಮೇಲಿನ ಲೆಕ್ಕದಂತೆ ‘ಹೈದರ್ ಆಲಿ’ಯ ಒಂದು ಪಕ್ಕದ 8 ಫಿರಂಗಿಗಳಿಂದ ಒಂದು ಸಲಕ್ಕೆ 48 ಪೌಂಡ್ (ಸುಮಾರು 22 ಕಿಲೋಗ್ರಾಂ) ಕಬ್ಬಿಣ ಹೊರಡುತ್ತಿತ್ತು. ‘ಜನರಲ್ ಮಾಂಕ್’ನ ಒಂದು ಪಕ್ಕದ 10 ಫಿರಂಗಿಗಳಿಂದ 90 ಪೌಂಡ್ (ಸುಮಾರು 41 ಕಿಲೋಗ್ರಾಂ) ಹೊರಡುತ್ತಿತ್ತು. ಪಕ್ಕಕ್ಕೆ ಪಕ್ಕ ನಿಂತು ಗುಂಡು ಹಾರಿಸಿದ್ದರೆ ‘ಹೈದರ್ ಆಲಿ’ ಗೆಲ್ಲುವುದು ಕಷ್ಟವಿತ್ತು.

ಕಾಳಗ

1782ರ ಏಪ್ರಿಲ್ 8ರಂದು ‘ಹೈದರ್ ಆಲಿ’ಯು ವ್ಯಾಪಾರದ ಹಡಗುಗಳ ತಂಡವೊಂದಕ್ಕೆ ಬೆಂಗಾವಲಾಗಿ ಕೊಲ್ಲಿಯ ಮುಖದಲ್ಲಿರುವ ಮೇ ಭೂಶಿರದ ಸಮೀಪ ಇತ್ತು. ‘ಜನರಲ್ ಮಾಂಕ್’, ‘ಕ್ವಿಬೆಕ್’ ಎಂಬ ಬ್ರಿಟಿಷ್ ಯುದ್ಧನೌಕೆ ಮತ್ತು ‘ಫೇರ್ ಅಮೆರಿಕನ್’ ಎಂಬ ಖಾಸಗಿ ಯುದ್ಧನೌಕೆಗಳು ಅವರನ್ನು ಕಂಡವು. ವ್ಯಾಪಾರದ ಹಡಗುಗಳಿಗೆ ಕೊಲ್ಲಿಯೊಳಕ್ಕೆ ಹಿಂದಿರುಗುವಂತೆ ಸಂಕೇತ ನೀಡಿದ ಬಾರ್ನಿಯು ತನ್ನ ಹಡಗನ್ನು ಅವುಗಳ ಹಿಂದೆ ಇರಿಸಿಕೊಂಡನು. ಬೆನ್ನಟ್ಟುವ ಭರದಲ್ಲಿ ‘ಫೇರ್ ಅಮೆರಿಕನ್’ ಮರಳದಿಬ್ಬಕ್ಕೆ ಸಿಕ್ಕಿಕೊಂಡಿತು. ‘ಕ್ವಿಬೆಕ್’ ದೂರದಲ್ಲಿತ್ತು. ಹೀಗಾಗಿ ಕಾಳಗವು ಎರಡೇ ಹಡಗುಗಳ ನಡುವೆ ನಡೆಯಿತು.

ಹಡಗುಗಳು ಹತ್ತಿರವಾಗುವ ಮುನ್ನ ಬಾರ್ನಿಯು ತನ್ನ ಚುಕ್ಕಾಣಿಗನಿಗೆ ಒಂದು ಗುಟ್ಟಿನ ಸೂಚನೆ ಕೊಟ್ಟಿದ್ದನು. ಮುಂದೆ ತಾನು ಗಟ್ಟಿಯಾಗಿ ಕೂಗಿ ಹೇಳುವ ಆಜ್ಞೆಗೆ ತದ್ವಿರುದ್ಧವಾಗಿ ಚುಕ್ಕಾಣಿ ತಿರುಗಿಸಬೇಕೆಂಬುದೇ ಆ ಸೂಚನೆ. ‘ಜನರಲ್ ಮಾಂಕ್’ ಪಕ್ಕಕ್ಕೆ ಬರುತ್ತಿದ್ದಂತೆ ಬಾರ್ನಿಯು ಎದುರಾಳಿಗೂ ಕೇಳಿಸುವಂತೆ ಆಜ್ಞೆ ಕೂಗಿದನು. ಬ್ರಿಟಿಷರು ಅದನ್ನು ನಂಬಿ ತಮ್ಮ ಹಡಗನ್ನು ಅದಕ್ಕೆ ತಕ್ಕಂತೆ ತಿರುಗಿಸಿದರು. ‘ಹೈದರ್ ಆಲಿ’ ಮಾತ್ರ ಎದುರು ದಿಕ್ಕಿಗೆ ಹೊರಳಿ ಅವರ ದಾರಿಗೆ ಅಡ್ಡವಾಯಿತು. ‘ಜನರಲ್ ಮಾಂಕ್’ನ ಮೂತಿಯಿಂದ ಮುಂದಕ್ಕೆ ಚಾಚಿಕೊಂಡಿದ್ದ ಮರದ ತೊಲೆ ‘ಹೈದರ್ ಆಲಿ’ಯ ಮುಂಗಂಬದ ಹಗ್ಗಗಳಲ್ಲಿ ಸಿಕ್ಕಿಬಿದ್ದಿತು.

ಈ ಸ್ಥಿತಿಯೇ ಕಾಳಗದ ಫಲವನ್ನು ನಿರ್ಧರಿಸಿತು. ಅಡ್ಡವಾಗಿ ನಿಂತ ‘ಹೈದರ್ ಆಲಿ’ಯ ಒಂದು ಪಕ್ಕದ ಫಿರಂಗಿಗಳೆಲ್ಲವೂ ಎದುರಾಳಿಯ ಮೂತಿಯಿಂದ ಹಿಂಬದಿಯವರೆಗೆ ಉದ್ದಕ್ಕೂ ಗುಂಡು ಹಾರಿಸಬಲ್ಲವಾಗಿದ್ದವು. ‘ಜನರಲ್ ಮಾಂಕ್’ನ ಫಿರಂಗಿಗಳಾದರೋ ಪಕ್ಕಕ್ಕೆ ಮುಖಮಾಡಿದ್ದುದರಿಂದ ಹೆಚ್ಚಿನವು ಗುರಿಗೆ ಎಟುಕುತ್ತಿರಲಿಲ್ಲ. ಹಡಗಿನ ಅಡ್ಡಕ್ಕೆ ಹೊಕ್ಕ ಗುಂಡು ಕೆಲವೇ ಅಡಿ ಸಾಗಿ ಹೊರಬೀಳುತ್ತದೆ. ಉದ್ದಕ್ಕೆ ಹೊಕ್ಕ ಗುಂಡು ದಾರಿಯಲ್ಲಿರುವ ಜನರನ್ನೂ ಫಿರಂಗಿಗಳನ್ನೂ ಕೆಡವುತ್ತ ಹೋಗುತ್ತದೆ. ಇಮ್ಮಡಿಗೆ ಸಮೀಪವಾಗಿದ್ದ ಬ್ರಿಟಿಷ್ ಫಿರಂಗಿಬಲ ಹೀಗೆ ನಿರುಪಯೋಗಿಯಾಯಿತು.

ಕಾಳಗ ಅರ್ಧ ಗಂಟೆಯೊಳಗೆ ಮುಗಿಯಿತು. 26 ನಿಮಿಷಗಳಲ್ಲಿ ‘ಹೈದರ್ ಆಲಿ’ಯಿಂದ 20 ಬಾರಿ ಸಾಲುಗುಂಡು ಹಾರಿತೆಂದು ಅಮೆರಿಕದ ಬರಹಗಳು ಹೇಳುತ್ತವೆ. ಅವುಗಳ ಪ್ರಕಾರ ‘ಹೈದರ್ ಆಲಿ’ಯಲ್ಲಿ 4 ಜನ ಸತ್ತು 11 ಜನ ಗಾಯಗೊಂಡರು. ‘ಜನರಲ್ ಮಾಂಕ್’ನಲ್ಲಿ 20 ಜನ ಸತ್ತು 33 ಜನ ಗಾಯಗೊಂಡರು. ನಾಯಕ ರೋಜರ್ಸ್ ಕೂಡ ಗಾಯಾಳುಗಳಲ್ಲಿ ಒಬ್ಬನಾಗಿದ್ದನು. ಎರಡೂ ಹಡಗುಗಳಲ್ಲಿದ್ದವರು ಒಟ್ಟು ಸುಮಾರು 246 ಜನ. ಅವರಲ್ಲಿ 68 ಜನ, ಅಂದರೆ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ, ಅಷ್ಟು ಅಲ್ಪ ಸಮಯದಲ್ಲಿ ಸತ್ತರು ಅಥವಾ ಗಾಯಗೊಂಡರು.

ಚಿತ್ರಕಾರ ಮತ್ತು ಚಿತ್ರ

ಕ್ರೆಪ್ಯಾಂ ಕಡಲು, ಹಡಗು ಮತ್ತು ನೌಕಾಯುದ್ಧಗಳ ಚಿತ್ರಗಳಿಗೆ ಹೆಸರಾದವನು. ‘ಬಯೋನೇಸ್’ ಎಂಬ ಫ್ರೆಂಚ್ ನೌಕೆ 1798ರಲ್ಲಿ ‘ಆಂಬಸ್ಕೇಡ್’ ಎಂಬ ಬ್ರಿಟಿಷ್ ನೌಕೆಯನ್ನು ಹಿಡಿದ ಪ್ರಸಂಗವನ್ನು ಕುರಿತ ಅವನ ಚಿತ್ರ ಪ್ರಸಿದ್ಧವಾಗಿದೆ. ಅದರಲ್ಲಿಯೂ ಚಿಕ್ಕ ನೌಕೆಯೊಂದು ದೊಡ್ಡದನ್ನು ಗೆಲ್ಲುತ್ತದೆ.

ಡೆಲವೇರ್ ಕೊಲ್ಲಿಯ ಕಾಳಗ ನಡೆದಾಗ ಕ್ರೆಪ್ಯಾಂ ಫ್ರಾನ್ಸಿನಲ್ಲಿದ್ದ ಬಾಲಕ. ಚಿತ್ರ ರಚಿಸಿದ್ದು 20 ವರ್ಷಗಳ ಅನಂತರ. ಆದುದರಿಂದ ಇದು ಕಣ್ಣಾರೆ ಕಂಡು ಬರೆದ ಚಿತ್ರವಲ್ಲ. ಜೋಶುವಾ ಬಾರ್ನಿಯು 1796ರಿಂದ ಕೆಲವು ವರ್ಷ ಫ್ರೆಂಚ್ ನೌಕಾಪಡೆಯಲ್ಲಿ ಅಧಿಕಾರಿಯಾಗಿದ್ದನು. ಅವನ ತಾರುಣ್ಯದ ವಿಜಯವೊಂದು ಫ್ರೆಂಚ್ ಕಲಾವಿದನ ಕುಂಚಕ್ಕೆ ವಸ್ತುವಾದದ್ದು ಆ ಸೇವೆಯ ಕಾಲಕ್ಕೆ ಹೊಂದಿಕೊಂಡೇ ಇದೆ. ಗೆದ್ದವರ ಮತ್ತು ಅವರ ಮಿತ್ರರ ನೋಟದಿಂದ ಮೂಡಿದ ಚಿತ್ರವೆಂಬುದನ್ನು ನೋಡುವವರು ನೆನಪಿಡಬೇಕು.

ಅಚ್ಚಿನ ಚಿತ್ರಗಳು

ಛಾಯಾಚಿತ್ರ ಬರುವ ಮುನ್ನ ಯುದ್ಧದ ನೋಟವನ್ನು ಜನಸಾಮಾನ್ಯರಿಗೆ ತಲುಪಿಸುತ್ತಿದ್ದುದು ಅಚ್ಚಿನ ಚಿತ್ರಗಳು. ತೈಲಚಿತ್ರ ಒಂದು ಗೋಡೆಯ ಮೇಲೆ ಮಾತ್ರ ಇರುತ್ತದೆ. ಅಚ್ಚಿನ ಚಿತ್ರದ ಪ್ರತಿಗಳು ಅಂಗಡಿ, ಮನೆ, ಪುಸ್ತಕಗಳಿಗೆ ಹೋಗುತ್ತವೆ. ಇವುಗಳನ್ನು ತಯಾರಿಸಲು ಮುಖ್ಯವಾಗಿ ಮೂರು ವಿಧಾನಗಳಿದ್ದವು.

ಮೊದಲನೆಯದರಲ್ಲಿ ತಾಮ್ರದ ತಗಡಿನ ಮೇಲೆ ಚೂಪಾದ ಉಳಿಯಿಂದ ಗೆರೆ ಕೊರೆದು, ಆ ಗೆರೆಗಳಲ್ಲಿ ಮಸಿ ತುಂಬಿ, ಒದ್ದೆ ಕಾಗದವನ್ನು ಬಲವಾಗಿ ಒತ್ತಲಾಗುತ್ತಿತ್ತು. ಎರಡನೆಯದರಲ್ಲಿ ತಗಡಿನ ಮೇಲೆ ಅಂಟಿನಪುಡಿ ಉದುರಿಸಿ ಆಮ್ಲದಿಂದ ಕೊರೆಯಿಸಿ ತೆಳು ಮತ್ತು ದಟ್ಟ ಛಾಯೆಗಳನ್ನು ಪಡೆಯುತ್ತಿದ್ದರು. ಹೊಗೆ, ಮೋಡ, ಅಲೆಗಳನ್ನು ತೋರಿಸಲು ಇದು ಅನುಕೂಲವಾದುದರಿಂದ ನೌಕಾಯುದ್ಧದ ಚಿತ್ರಗಳಿಗೆ ಹೆಚ್ಚಾಗಿ ಬಳಕೆಯಾಯಿತು. ಮೂರನೆಯದು ಗಟ್ಟಿಮರದ ಅಚ್ಚು. ಇದನ್ನು ಅಕ್ಷರದ ಮೊಳೆಗಳ ಜೊತೆಯಲ್ಲಿಯೇ ಜೋಡಿಸಿ ಒಂದೇ ಪುಟದಲ್ಲಿ ಮುದ್ರಿಸಬಹುದಾಗಿದ್ದುದರಿಂದ 19ನೇ ಶತಮಾನದ ಅಗ್ಗದ ಸಚಿತ್ರ ಪುಸ್ತಕಗಳು ಸಾಧ್ಯವಾದವು.

ಈ ವಿಧಾನಗಳಲ್ಲಿ ಅಚ್ಚಿನ ಮೇಲಿರುವ ಚಿತ್ರ ಕಾಗದದ ಮೇಲೆ ಎಡಬಲವಾಗಿ ಮೂಡುತ್ತದೆ. ಕೊರೆಯುವವನು ಮೂಲವನ್ನು ಕನ್ನಡಿಯಲ್ಲಿ ನೋಡಿದಂತೆ ತಿರುವಿ ಕೊರೆಯದಿದ್ದರೆ ಮುದ್ರಿತ ಪ್ರತಿಯಲ್ಲಿ ಹಡಗುಗಳು ವಿರುದ್ಧ ದಿಕ್ಕಿಗೆ ಸಾಗುವಂತೆ ಕಾಣುತ್ತವೆ. ಬೇರೆ ಚಿತ್ರಗಳಲ್ಲಿ ಇದು ಸಣ್ಣ ದೋಷ. ಚುಕ್ಕಾಣಿಯನ್ನು ಎಡಕ್ಕೆ ತಿರುಗಿಸಿದರೇ ಬಲಕ್ಕೆ ತಿರುಗಿಸಿದರೇ ಎಂಬುದರ ಮೇಲೆ ಸೋಲುಗೆಲುವು ನಿಂತಿದ್ದ ಈ ಕಾಳಗದ ಚಿತ್ರದಲ್ಲಿ ಅದು ಕಥೆಯನ್ನೇ ತಿರುಗುಮುರುಗು ಮಾಡಬಲ್ಲುದು.

ಚಿತ್ರವನ್ನು ಓದುವ ಬಗೆ

ಈ ಕಾಳಗದ ಚಿತ್ರವನ್ನಾಗಲಿ ಇದೇ ಬಗೆಯ ಬೇರೆ ಚಿತ್ರಗಳನ್ನಾಗಲಿ ಪರಿಶೀಲಿಸುವಾಗ ನಾಲ್ಕು ಅಂಶಗಳನ್ನು ನೋಡುವುದು ಉಪಯುಕ್ತ.

ಬಾವುಟ: 1777ರ ಜೂನ್ 14ರಂದು ಅಂಗೀಕೃತವಾದ ಅಮೆರಿಕದ ಬಾವುಟದಲ್ಲಿ 13 ಪಟ್ಟಿ, 13 ನಕ್ಷತ್ರಗಳಿದ್ದವು. 1795ರಿಂದ 1818ರವರೆಗೆ ಪಟ್ಟಿಗಳೂ ನಕ್ಷತ್ರಗಳೂ ತಲಾ 15 ಆಗಿದ್ದವು. ಬ್ರಿಟಿಷ್ ಬಾವುಟದ ಮೂಲೆಯಲ್ಲಿ ಇಂದು ಕಾಣುವ ಕೆಂಪು ಓರೆಗೆರೆಗಳು ಐರ್ಲೆಂಡ್ ಸೇರ್ಪಡೆಯಾದ 1801ರಲ್ಲಿ ಬಂದವು. 1782ರ ಕಾಳಗವನ್ನು ತೋರಿಸುವ ಚಿತ್ರದಲ್ಲಿ 15 ನಕ್ಷತ್ರಗಳಾಗಲಿ ಕೆಂಪು ಓರೆಗೆರೆಗಳಾಗಲಿ ಇದ್ದರೆ, ಚಿತ್ರಕಾರನು ತನ್ನ ಕಾಲದ ಬಾವುಟವನ್ನು ಹಿಂದಿನ ಕಾಲಕ್ಕೆ ಹಚ್ಚಿದ್ದಾನೆಂದು ತಿಳಿಯಬೇಕು.

ಹಾಯಿ ಮತ್ತು ಹೊಗೆ: ಎಲ್ಲ ಹಾಯಿಗಳೂ ಬಾವುಟಗಳೂ ಹೊಗೆಯೂ ಒಂದೇ ಗಾಳಿಗೆ ಒಂದೇ ದಿಕ್ಕಿಗೆ ಒಲೆದಿರಬೇಕು. ಹಾಗಿಲ್ಲದಿದ್ದರೆ ಚಿತ್ರಕಾರನಿಗೆ ಕಡಲಿನ ಪರಿಚಯ ಕಡಿಮೆ.

ಹಡಗಿನ ಗಾತ್ರ: ಗೆದ್ದ ನೌಕೆಯನ್ನು ಚಿಕ್ಕದಾಗಿಯೂ ಸೋತದ್ದನ್ನು ದೊಡ್ಡದಾಗಿಯೂ ತೋರಿಸಿ ವಿಜಯವನ್ನು ಹೆಚ್ಚಿಸುವುದು ಇಂತಹ ಚಿತ್ರಗಳಲ್ಲಿ ಸಾಮಾನ್ಯ. ಫಿರಂಗಿ ಕಿಂಡಿಗಳನ್ನು ಎಣಿಸಿ ದಾಖಲೆಯೊಂದಿಗೆ ಹೋಲಿಸಿದರೆ ಇದು ಗೊತ್ತಾಗುತ್ತದೆ.

ಗಳಿಗೆ: ಚಿತ್ರವು ಒಂದೇ ಕ್ಷಣವನ್ನು ಹಿಡಿಯಬಲ್ಲುದು. ಬಾರ್ನಿಯ ತದ್ವಿರುದ್ಧ ಆಜ್ಞೆ ಕಿವಿಗೆ ಕೇಳಿದ ಮಾತು. ಅದನ್ನು ಬಣ್ಣದಲ್ಲಿ ಬರೆಯಲಾಗದು. ಚಿತ್ರದಲ್ಲಿ ಕಾಣುವುದು ಅದರ ಪರಿಣಾಮ ಮಾತ್ರ. ಹಾಗಾಗಿ ಚಿತ್ರದ ಜೊತೆಗೆ ಬರಹವೂ ಬೇಕು. 1832ರಲ್ಲಿ ಮೇರಿ ಬಾರ್ನಿ ಪ್ರಕಟಿಸಿದ ಜೋಶುವಾ ಬಾರ್ನಿಯ ಜೀವನಚರಿತ್ರೆ ಗೆದ್ದವರ ಕಡೆಯದು. ವಿಲಿಯಂ ಗಿಲ್ಪಿನ್ ಬರೆದು 1808ರಲ್ಲಿ ಪ್ರಕಟವಾದ ಜೋಸಯಾಸ್ ರೋಜರ್ಸನ ಜೀವನಚರಿತ್ರೆ ಸೋತವರ ಕಡೆಯದು. ಎರಡನ್ನೂ ಎದುರುಬದುರಾಗಿ ಇಟ್ಟು ಓದಿದಾಗ ಮಾತ್ರ ಇತಿಹಾಸದ ಚಿತ್ರ ಪೂರ್ಣವಾಗುತ್ತದೆ.

ದರಿಯಾ ದೌಲತ್ ಭಿತ್ತಿಚಿತ್ರದೊಂದಿಗೆ ಹೋಲಿಕೆ

ಹೈದರಾಲಿಯ ಹೆಸರಿಗೆ ಸಂಬಂಧಿಸಿದ ಇನ್ನೊಂದು ಯುದ್ಧಚಿತ್ರ ಕರ್ನಾಟಕದಲ್ಲಿಯೇ ಇದೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಅರಮನೆಯ ಪಶ್ಚಿಮ ಗೋಡೆಯ ಮೇಲೆ ಪೊಳ್ಳಿಲೂರು ಯುದ್ಧದ ದೊಡ್ಡ ಭಿತ್ತಿಚಿತ್ರವಿದೆ. ಅದರಲ್ಲಿ ಬ್ರಿಟಿಷ್ ಸೈನಿಕರು ಚೌಕಾಕಾರವಾಗಿ ಒತ್ತೊತ್ತಾಗಿ ನಿಂತಿದ್ದಾರೆ. ನಡುವೆ ಪಲ್ಲಕ್ಕಿಯಲ್ಲಿ ಕರ್ನಲ್ ಬೇಯ್ಲಿ ಕುಳಿತಿದ್ದಾನೆ. ಮದ್ದಿನ ಬಂಡಿ ಸಿಡಿಯುತ್ತಿದೆ. ಹೈದರಾಲಿ ಮತ್ತು ಟಿಪ್ಪು ಆನೆಗಳ ಮೇಲೆ ಕುಳಿತು ಸೈನ್ಯ ನಡೆಸುತ್ತಿದ್ದಾರೆ. ಈ ಭಿತ್ತಿಚಿತ್ರಕ್ಕೆ ಮುಂದಿನ ಕಾಲದಲ್ಲಿ ಮತ್ತೆ ಬಣ್ಣ ತುಂಬಿ ದುರಸ್ತಿ ಮಾಡಲಾಗಿದೆ.

ಎರಡೂ ಚಿತ್ರಗಳು ಒಂದೇ ಕಾಲದ ಜಾಗತಿಕ ಯುದ್ಧದ ಎರಡು ರಂಗಗಳಿಗೆ ಸೇರಿವೆ. ಎರಡರಲ್ಲಿಯೂ ಸೋತವರು ಬ್ರಿಟಿಷರು. ಎರಡೂ ಗೆದ್ದ ಪಕ್ಷದ ನೋಟಗಳು. ಶೈಲಿಯಲ್ಲಿ ಮಾತ್ರ ವ್ಯತ್ಯಾಸವಿದೆ. ಭಿತ್ತಿಚಿತ್ರವು ಯುದ್ಧದ ಬೇರೆಬೇರೆ ಘಟನೆಗಳನ್ನು ಒಂದೇ ಗೋಡೆಯ ಮೇಲೆ ಒಟ್ಟಿಗೆ ಹೇಳುತ್ತದೆ. ಯೂರೋಪಿನ ನೌಕಾಚಿತ್ರವು ಒಂದು ಗಳಿಗೆಯನ್ನು ಆಯ್ದು ನಿಲ್ಲಿಸುತ್ತದೆ.

ಅನಂತರದ ಘಟನೆಗಳು

ವಿಜಯಕ್ಕಾಗಿ ಪೆನ್ಸಿಲ್ವೇನಿಯದ ಶಾಸನಸಭೆಯು ಬಾರ್ನಿಗೆ ಗೌರವದ ಖಡ್ಗವನ್ನು ನೀಡಿತು. ಹಿಡಿದು ತಂದ ‘ಜನರಲ್ ಮಾಂಕ್’ಗೆ ‘ಜನರಲ್ ವಾಷಿಂಗ್ಟನ್’ ಎಂಬ ಹಳೆಯ ಹೆಸರನ್ನೇ ಮತ್ತೆ ಇಡಲಾಯಿತು. ಬಾರ್ನಿಯ ನಾಯಕತ್ವದಲ್ಲಿ ಅದು ಫ್ರಾನ್ಸಿಗೆ ಹೋಗಿ, 1783ರ ಮಾರ್ಚ್ ತಿಂಗಳಲ್ಲಿ ಶಾಂತಿಯ ಪ್ರಾಥಮಿಕ ಒಪ್ಪಂದದ ಸುದ್ದಿಯನ್ನು ಫಿಲಡೆಲ್ಫಿಯಕ್ಕೆ ತಂದಿತು. ಬಾರ್ನಿ 1814ರಲ್ಲಿ ಬ್ಲೇಡನ್ಸ್‌ಬರ್ಗ್ ಯುದ್ಧದಲ್ಲಿ ಗಾಯಗೊಂಡು, 1818ರ ಡಿಸೆಂಬರ್ 1ರಂದು ಪಿಟ್ಸ್‌ಬರ್ಗ್‌ನಲ್ಲಿ ತೀರಿಕೊಂಡನು. ರೋಜರ್ಸ್ ಗಾಯದಿಂದ ಚೇತರಿಸಿಕೊಂಡು ಬ್ರಿಟಿಷ್ ನೌಕಾಸೇವೆಯಲ್ಲಿ ಮುಂದುವರಿದು 1795ರಲ್ಲಿ ವೆಸ್ಟ್ ಇಂಡೀಸ್‌ನ ಗ್ರೆನೇಡದಲ್ಲಿ ಮರಣಹೊಂದಿದನು.

ಮೈಸೂರಿನಲ್ಲಿ ಹೈದರಾಲಿಯು ಡೆಲವೇರ್ ಕಾಳಗವಾದ ಎಂಟು ತಿಂಗಳಿಗೆ, 1782ರ ಡಿಸೆಂಬರ್ 7ರಂದು, ಚಿತ್ತೂರಿನ ಬಳಿಯ ಯುದ್ಧಶಿಬಿರದಲ್ಲಿ ನಿಧನನಾದನು. ಅಮೆರಿಕಕ್ಕೆ 1783ರಲ್ಲಿ ಸ್ವಾತಂತ್ರ್ಯದ ಒಪ್ಪಂದ ದೊರೆಯಿತು. ಮೈಸೂರಿನ ಹೋರಾಟ 1799ರ ಮೇ 4ರಂದು ಟಿಪ್ಪುವಿನ ಮರಣದೊಂದಿಗೆ ಮುಗಿಯಿತು. ಕ್ರೆಪ್ಯಾಂ ‘ಹೈದರ್ ಆಲಿ’ಯ ಚಿತ್ರ ಬರೆದದ್ದು ಅದಕ್ಕೂ ಮೂರು ವರ್ಷಗಳ ಅನಂತರ.

ಮಹತ್ವ

ಅಮೆರಿಕದ ಕಾದಂಬರಿಕಾರ ಮತ್ತು ಇತಿಹಾಸಕಾರ ಜೇಮ್ಸ್ ಫೆನಿಮೋರ್ ಕೂಪರ್ 1839ರಲ್ಲಿ ಪ್ರಕಟಿಸಿದ ತನ್ನ ದೇಶದ ನೌಕಾಪಡೆಯ ಇತಿಹಾಸದಲ್ಲಿ ಈ ಕಾಳಗವನ್ನು ಅತ್ಯಂತ ಉಜ್ವಲವಾದವುಗಳಲ್ಲಿ ಒಂದೆಂದು ಎಣಿಸಿದ್ದಾನೆ. ಅಲ್ಲಿನ ಓದುಗರಿಗೆ ಇದು ಬಾರ್ನಿಯ ಜಾಣ್ಮೆಯ ಚಿತ್ರ. ಕರ್ನಾಟಕದ ಓದುಗರಿಗೆ ಇದು ಇನ್ನೊಂದು ಸಂಗತಿಯನ್ನೂ ತಿಳಿಸುತ್ತದೆ. ಪಠ್ಯಪುಸ್ತಕಗಳಲ್ಲಿ ಮೈಸೂರು ಯುದ್ಧಗಳೂ ಅಮೆರಿಕದ ಸ್ವಾತಂತ್ರ್ಯ ಸಮರವೂ ಬೇರೆಬೇರೆ ಪಾಠಗಳಾಗಿ ಬರುತ್ತವೆ. ಆ ಕಾಲದ ಜನ ಅವನ್ನು ಹಾಗೆ ಬೇರ್ಪಡಿಸಿ ನೋಡಿರಲಿಲ್ಲವೆಂಬುದಕ್ಕೆ ಫಿಲಡೆಲ್ಫಿಯದ ವರ್ತಕರು ತಮ್ಮ ಹಡಗಿಗೆ ಆಯ್ದ ಹೆಸರೇ ಸಾಕ್ಷಿಯಾಗಿದೆ.